ಹಿತ್ತಲ ಗಿಡಕ್ಕೊಂದು ಚರಿತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸುಲಭವಾಗಿ ಕೈಗೆ ಸಿಕ್ಕುವುದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಈ ಗಾದೆಯೊಳಗೆ ಇನ್ನೊಂದು ಸಂಗತಿಯೂ ಅಡಗಿದೆ. ಒಂದು ಕಾಲದಲ್ಲಿ ಹಿತ್ತಲ ಗಿಡ ಬಿಟ್ಟಿಯಾಗಿ ದೊರೆಯುತ್ತಿತ್ತು. ಇಂದು ನಾಲ್ಕು ಹೂಗಿಡ, ಎರಡು ಕುಂಡ, ಒಂದು ಚೀಲ ಕೆಮ್ಮಣ್ಣು, ಒಂದು ಚೀಲ ಗೊಬ್ಬರ ಕೊಳ್ಳಲು ಹೊರಟ ಮಧ್ಯಮ ವರ್ಗದ ಗೃಹಿಣಿ ಎರಡು ಬಾರಿ ಯೋಚಿಸಬೇಕಾಗುತ್ತದೆ. ಬಿಟ್ಟಿಯಾಗಿದ್ದ ಗಿಡ ಮಾರಾಟದ ಸರಕಾದದ್ದು ಹೇಗೆ? ಅದನ್ನು ಮತ್ತೆ ಸಾಮಾನ್ಯರ ಕೈಗೆಟುಕಿಸಲು ಯಾರು ಶ್ರಮಿಸಿದರು? ಇದಕ್ಕೆ ಉತ್ತರ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯಲ್ಲಿದೆ.

ಕೊಡುಕೊಳ್ಳುವ ಹಿತ್ತಲು

ಗಿಡ ಬೆಳೆಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಗಿಡಮರಗಳ ಆರೈಕೆ ರಾಜನ ಉದ್ಯಾನದ ಮಾತಷ್ಟೇ ಅಲ್ಲ, ಲೋಕಕ್ಕೆ ಉಪಕಾರವಾಗುವ ತಿಳಿವಳಿಕೆ ಎಂಬ ಭಾವನೆ ಗ್ರಂಥದ ಹೆಸರಿನಲ್ಲಿಯೇ ಇದೆ.

ಮನೆಯ ಹಿತ್ತಲಿನಲ್ಲಿ ತುಳಸಿ, ದಾಸವಾಳ, ಮಲ್ಲಿಗೆ, ಕನಕಾಂಬರ, ಕರಿಬೇವು, ನುಗ್ಗೆ, ದೊಡ್ಡಪತ್ರೆ ಇರುತ್ತಿದ್ದವು. ಇವನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ನೆರೆಮನೆಯಿಂದ ದಾಸವಾಳದ ಕಡ್ಡಿ ಬಂದರೆ ಈ ಮನೆಯಿಂದ ಕರಿಬೇವಿನ ಸಸಿ ಹೋಗುತ್ತಿತ್ತು. ತವರಿಗೆ ಹೋದ ಮಗಳು ಮರಳುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಬಳ್ಳಿಯನ್ನು ತರುತ್ತಿದ್ದಳು. ಪಾತ್ರೆ ತೊಳೆದ ನೀರು, ಕೊಟ್ಟಿಗೆಯ ಗೊಬ್ಬರ, ಒಲೆಯ ಬೂದಿ, ಒಡೆದ ಮಡಕೆ ಇವೇ ತೋಟದ ಸಾಮಗ್ರಿಗಳು.

ಅರಮನೆಯ ತೋಟ

ಹೈದರಾಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಮೊಘಲರ ಮಾದರಿಯಲ್ಲಿದ್ದ ಸಿರಾದ ತೋಟ ಅವನಿಗೆ ಸ್ಫೂರ್ತಿಯಾಗಿತ್ತು. ಅವನ ಮಗ ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜ, ಸಸಿಗಳನ್ನು ತರಿಸಿದನು. ಆ ಕಾಲದಲ್ಲಿ ಹೊರನಾಡಿನ ಒಂದು ಸಸಿ ಎಂದರೆ ರಾಜರು ರಾಜರಿಗೆ ಕೇಳಿ ಪಡೆಯುವ ವಸ್ತು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ತೋಟವನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ಹಾದಿಗಳು, ಹಾದಿಯ ಬದಿಯಲ್ಲಿ ಸೈಪ್ರಸ್ ಮರಗಳು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಗುಡ್‌ಹೋಪ್ ಭೂಶಿರದಿಂದ ಬಂದ ಪೈನ್ ಮತ್ತು ಓಕ್ ಸಸಿಗಳು ಚೆನ್ನಾಗಿ ಬೆಳೆಯುತ್ತಿದ್ದವೆಂದೂ ಅವನು ಗುರುತಿಸಿದ್ದಾನೆ. ತೋಟ ಸುಂದರವಾಗಿತ್ತು, ನಿಜ. ಆದರೆ ಅಲ್ಲಿಯ ಗುಲಾಬಿ ಪೇಟೆಯ ನೇಕಾರನ ಹಿತ್ತಲಿಗೆ ಬರಲು ದಾರಿಯಿರಲಿಲ್ಲ.

ಗಾಜಿನ ಪೆಟ್ಟಿಗೆಯ ಪವಾಡ

ದೂರದ ಸಸ್ಯಗಳು ದುರ್ಲಭವಾಗಿದ್ದುದಕ್ಕೆ ಒಂದು ಸರಳ ಕಾರಣವಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣ. ಉಪ್ಪುಗಾಳಿ, ಬಿಸಿಲು, ಸಿಹಿನೀರಿನ ಕೊರತೆ. ಹೊರಟ ಸಸಿಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್, ಮುಚ್ಚಿದ ಗಾಜಿನ ಸೀಸೆಯೊಳಗೆ ಸಸಿಯೊಂದು ತಾನೇ ಬೆಳೆಯುವುದನ್ನು 1829ರ ಸುಮಾರಿಗೆ ಗಮನಿಸಿದನು. ಎಲೆಗಳಿಂದ ಹೊರಟ ತೇವ ಗಾಜಿಗೆ ತಾಗಿ ನೀರಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಈ ತತ್ತ್ವದ ಮೇಲೆ ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಆಸ್ಟ್ರೇಲಿಯಕ್ಕೆ ಹೊರಟವು. ಸಸಿಗಳು ಜೀವಂತವಾಗಿ ತಲುಪಿದವು. ಅಲ್ಲಿಂದ ಮುಂದೆ ಸಸ್ಯಗಳ ಸಾಗಣೆಯ ಸ್ವರೂಪವೇ ಬದಲಾಯಿತು.

ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ ಬಳಿಯ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ, ಅವನ ನಂತರ 1874ರಲ್ಲಿ ಜಾನ್ ಕ್ಯಾಮರನ್ ಅಧಿಕಾರ ವಹಿಸಿದರು. ನಮ್ಮ ಅಡುಗೆಮನೆಯ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರನ್ನನ ಕಾಲದಲ್ಲಿ. ಅಮೆರಿಕ ಖಂಡದ ಈ ಬಳ್ಳಿ ಇಲ್ಲಿ ಎಷ್ಟು ಒಗ್ಗಿತೆಂದರೆ, ತಮಿಳುನಾಡಿನಲ್ಲಿ ಅದನ್ನು ‘ಬೆಂಗಳೂರು ಬದನೆ’ ಎಂದೇ ಕರೆಯುತ್ತಾರೆ. ಬಲಿತ ಒಂದು ಕಾಯಿಯನ್ನು ಹಾಗೆಯೇ ನೆಟ್ಟರೆ ಸಾಕು, ಬಳ್ಳಿ ಹಬ್ಬುತ್ತದೆ. ಅಗ್ಗವಾಗಿ ಹರಡುವ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ನಡೆಯತೊಡಗಿದ ಫಲಪುಷ್ಪ ಪ್ರದರ್ಶನಗಳು ಜನರಿಗೆ ಗಿಡಗಳ ಪರಿಚಯ ಮಾಡಿಸಿದವು.

ಉದ್ಯಾನದಿಂದ ಮನೆಯಂಗಳಕ್ಕೆ

1908ರಲ್ಲಿ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಇಡೀ ನಗರವನ್ನೇ ತೋಟವೆಂದು ಭಾವಿಸಿದರು. ಒಂದು ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಸಾಲುಮರಗಳನ್ನು ಆರಿಸಿ ನೆಡಿಸಿದರು. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಆರಂಭವಾಯಿತು. ತೋಟಗಾರಿಕೆ ಅಧಿಕಾರಿಗಳ ಹವ್ಯಾಸವಾಗಿ ಉಳಿಯದೆ ನಾಗರಿಕರ ಹವ್ಯಾಸವಾಗಲು ಈ ಸಂಘ ನೆರವಾಯಿತು. 1932ರಲ್ಲಿ ಕ್ರುಂಬಿಗಲ್ ಅವರ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅಧೀಕ್ಷಕರ ಹೆಸರುಗಳು ದಾಖಲೆಯಲ್ಲಿವೆ. ಆದರೆ ಕಸಿ ಕಟ್ಟಿದ ಕೈ, ಗೂಟಿ ಹಾಕಿದ ಕೈ, ಮಡಿಗೆ ನೀರು ಹಾಯಿಸಿದ ಕೈ ಯಾರದು? ಬೆಂಗಳೂರಿನ ತಿಗಳ ಸಮುದಾಯದವರು ತಲೆಮಾರುಗಳಿಂದ ಕೆರೆಯಂಚಿನಲ್ಲಿ ಹೂ, ಹಣ್ಣು, ತರಕಾರಿ ಬೆಳೆದ ನಿಪುಣರು. ಲಾಲ್‌ಬಾಗಿಗೆ ಹೊಂದಿಕೊಂಡ ಸಿದ್ದಾಪುರದಂಥ ಕಡೆ ಬೆಳೆದ ನರ್ಸರಿಗಳ ಹಿಂದೆ ಇಂಥ ಕುಶಲ ಕೈಗಳ ಅನುಭವವಿದೆ. ಒಂದು ತಾಯಿಮರದಿಂದ ನೂರಾರು ಸಸಿ ಮಾಡಬಲ್ಲ ಈ ಕೈಚಳಕವೇ ಗಿಡದ ಬೆಲೆಯನ್ನು ಇಳಿಸಿದ್ದು.

ಡಾ. ಮರಿಗೌಡರ ಯೋಜನೆ

ಹಳ್ಳಿಯಿಂದ ಬಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿದ ಡಾ. ಎಂ. ಎಚ್. ಮರಿಗೌಡರು 1951ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅವರೇ ಅದರ ನಿರ್ದೇಶಕರು. ಒಳ್ಳೆಯ ಸಸಿ ಬೆಂಗಳೂರಿಗೆ ಬರಬಲ್ಲವರಿಗೆ ಮಾತ್ರ ಏಕೆ ಸಿಗಬೇಕು ಎಂಬ ಪ್ರಶ್ನೆಗೆ ಅವರ ಕೆಲಸವೇ ಉತ್ತರವಾಯಿತು. ನಾಡಿನುದ್ದಕ್ಕೂ ತೋಟಗಾರಿಕೆ ಕ್ಷೇತ್ರಗಳು ಎದ್ದವು. ತಾಯಿಮರಗಳನ್ನು ಅಲ್ಲೇ ಬೆಳೆಸಿ, ಅಲ್ಲೇ ಕಸಿ ಮಾಡಿ, ನಿಗದಿಯಾದ ಕಡಿಮೆ ದರದಲ್ಲಿ ಸಸಿಗಳನ್ನು ಮಾರುವ ವ್ಯವಸ್ಥೆ ಬೆಳೆಯಿತು. ಇದರೊಡನೆ ಸಹಕಾರ ಸಂಘಗಳೂ ಹುಟ್ಟಿದವು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭವಾದದ್ದು ಇಂದಿನ ಹಾಪ್‌ಕಾಮ್ಸ್. ಲಾಲ್‌ಬಾಗಿನ ಆವರಣದಲ್ಲೇ ನರ್ಸರಿಯವರ ಸಹಕಾರ ಸಂಘವೂ ಗಿಡ, ಬೀಜ, ಗೊಬ್ಬರಗಳನ್ನು ಒಂದೇ ಕಡೆ ಒದಗಿಸಿತು. ರಾಜರ ಕೊಡುಗೆಯಾಗಿದ್ದ ಸಸಿ ಹೀಗೆ ಸಾಮಾನ್ಯನ ಚೀಲಕ್ಕೆ ಬಂತು.

ಅಗ್ಗವೆಲ್ಲ ಲಾಭವಲ್ಲ

ಇದೇ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಲಂಟಾನ ಎಂಬ ಬಣ್ಣಬಣ್ಣದ ಹೂವಿನ ಪೊದೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂತು. ಬೇಲಿಗೆ ಒಳ್ಳೆಯದು, ನೀರು ಬೇಡ, ಆರೈಕೆ ಬೇಡ, ಖರ್ಚಿಲ್ಲ ಎಂದು ಜನ ಮೆಚ್ಚಿದರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರ ಮುಂತಾದ ಕಾಡುಗಳಲ್ಲಿ ಲಂಟಾನ ದಟ್ಟವಾಗಿ ಹಬ್ಬಿ ಹುಲ್ಲನ್ನು ಅಡಗಿಸಿದೆ. ಜಿಂಕೆ, ಕಾಡೆಮ್ಮೆಗಳ ಮೇವು ಕಡಿಮೆಯಾಗಿದೆ. ಅಂದು ಮನೆಯಂಗಳದಲ್ಲಿ ಉಳಿಸಿದ ಹಣಕ್ಕೆ ಇಂದು ಕಾಡು ಬೆಲೆ ತೆರುತ್ತಿದೆ. ಗಿಡ ಆರಿಸುವಾಗ ‘ಎಷ್ಟು ರೂಪಾಯಿ?’ ಎಂಬ ಪ್ರಶ್ನೆಯ ಜೊತೆಗೆ ‘ಎಲ್ಲಿಯದು? ಎಲ್ಲಿಗೆ ಹರಡುತ್ತದೆ?’ ಎಂದೂ ಕೇಳಬೇಕು.

ನೀವು ಏನು ಮಾಡಬಹುದು?

ವಿದ್ಯಾರ್ಥಿಗಳೇ, ಮಳೆಗಾಲದಲ್ಲಿ ದಾಸವಾಳ, ನಂದಿಬಟ್ಟಲು, ದೊಡ್ಡಪತ್ರೆಗಳ ಕಡ್ಡಿ ಸುಲಭವಾಗಿ ಬೇರೂರುತ್ತದೆ, ಕಾಸಿನ ಖರ್ಚಿಲ್ಲ. ಕುಂಡದ ತಳಕ್ಕೆ ಒಡೆದ ಹೆಂಚಿನ ಚೂರು, ತೇವ ಹಿಡಿದಿಡಲು ತೆಂಗಿನ ನಾರು, ಗೊಬ್ಬರಕ್ಕೆ ಕೊಳೆಸಿದ ತರಕಾರಿ ಸಿಪ್ಪೆ ಸಾಕು. ಕಸಿಮಾವು, ಕಸಿ ಸಪೋಟ ಬೇಕಾದರೆ ನಿಮ್ಮ ಜಿಲ್ಲೆಯ ತೋಟಗಾರಿಕೆ ಕ್ಷೇತ್ರದಲ್ಲಿ ವಿಚಾರಿಸಿ.

ಇನ್ನೊಂದು ಕೆಲಸ. ನಿಮ್ಮ ಮನೆಯಂಗಳದ ಐದು ಗಿಡಗಳನ್ನು ಪಟ್ಟಿ ಮಾಡಿ, ಒಂದೊಂದೂ ಯಾರ ಮನೆಯಿಂದ, ಯಾವ ಊರಿನಿಂದ ಬಂತೆಂದು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆದುಕೊಳ್ಳಿ. ಗಿಡ ನೆನಪಿರುವವರಿಗೆ ಕೊಟ್ಟವರೂ ನೆನಪಿರುತ್ತಾರೆ. ಯಾವ ದಾಖಲೆಯಲ್ಲೂ ಇಲ್ಲದ ಚರಿತ್ರೆಯೊಂದು ನಿಮ್ಮ ಹಿತ್ತಲಿನಲ್ಲಿಯೇ ಸಿಕ್ಕೀತು. ಅದನ್ನು ಕೇಳಿ ತಿಳಿಯಲು ಹಿರಿಯರು ಇರುವಾಗಲೇ ಹೊರಡಬೇಕು.