ನೆಡಿಸಿದವರು, ನೆಟ್ಟವರು

ಅಶೋಕನ ಪಾಠ ಮಾಡುವಾಗೆಲ್ಲ ‘ಸಾಲುಮರಗಳನ್ನು ನೆಡಿಸಿದನು’ ಎಂಬ ವಾಕ್ಯದಲ್ಲಿ ನಾನು ಸಿಕ್ಕಿಕೊಳ್ಳುತ್ತೇನೆ. ನೆಡಿಸಿದ್ದು ಅಶೋಕ, ಸರಿ. ನೆಟ್ಟೋರು ಯಾರು? ನನ್ನ ತಾತ ಊರಿನ ಜಮೀನುದಾರರೊಬ್ಬರ ಮಾವಿನ ತೋಪು ಕಾಯುತ್ತಿದ್ದ. ‘ಕಾಯೋದು ನಮ್ದು, ಕಾಯಿ ಅವರ್ದು’ ಅಂತಿದ್ದ.

ದೆಹಲಿ-ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ ಅಶೋಕ ದಾರಿಗುಂಟ ಆಲದ ಮರ, ಮಾವಿನ ತೋಪು, ಬಾವಿಗಳನ್ನು ಮಾಡಿಸಿದ್ದನ್ನು ಹೇಳಿಕೊಳ್ಳುತ್ತಾನೆ. ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು. ಹಣ್ಣು-ನೆರಳನ್ನು ದಾರಿಹೋಕರೆಲ್ಲರ ಪಾಲಾಗಿಸಿದ್ದು ಸಣ್ಣ ರಾಜಕೀಯವೇನಲ್ಲ. ಆದರೆ ಶಾಸನದ ಪ್ರಾಕೃತ ಕ್ರಿಯಾಪದಗಳೂ ನಮ್ಮ ಕನ್ನಡದ ಹಾಗೆ ‘ನೆಡಿಸಿದ’, ‘ತೋಡಿಸಿದ’ ಎಂಬ ರೂಪದವೇ. ಅಲಹಾಬಾದ್ ಕಂಬದ ಮೇಲಿನ ರಾಣಿ ಶಾಸನವಂತೂ ಎರಡನೆಯ ರಾಣಿ ಕಾರುವಾಕಿ ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆಗಳು ಆಕೆಯ ಹೆಸರಿನಲ್ಲೇ ಲೆಕ್ಕಕ್ಕೆ ಬರಬೇಕೆಂದು ಅಧಿಕಾರಿಗಳಿಗೆ ಆಜ್ಞಾಪಿಸುತ್ತದೆ. ತೋಪಿನ ಫಸಲಿನಲ್ಲಿ ಹೆಸರೂ ಪುಣ್ಯವೂ ಸೇರಿದ್ದವು. ಗುಂಡಿ ತೋಡಿದ ಕೈಗಳಿಗೆ ಅದರಲ್ಲಿ ಪಾಲಿರಲಿಲ್ಲ.

ಆ ಕೈಗಳ ಸುಳಿವು ಸಿಗುವುದು ಅರ್ಥಶಾಸ್ತ್ರದಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಗ್ರಂಥ. ಅದರ ಕಾಲ ಚರ್ಚೆಯಲ್ಲಿದೆ, ಅಶೋಕನ ನಂತರದ್ದಿರಬಹುದು. ನಡೆದದ್ದಕ್ಕಿಂತ ನಡೆಯಬೇಕಾದ್ದನ್ನು ಹೇಳುವ ಶಾಸ್ತ್ರವದು. ಆದರೂ ಲೆಕ್ಕ ನೋಡಿ. ತೋಟ ಕಾಯುವವನಿಗೆ, ದನಗಾಹಿಗೆ, ದಾಸನಿಗೆ, ಕೂಲಿಯವನಿಗೆ ಊಟದ ಜೊತೆ ತಿಂಗಳಿಗೆ 1¼ ಪಣ. ನಗರದ ಉದ್ಯಾನದಲ್ಲಿ ಹಣ್ಣಿನ ಮರದ ಚಿಗುರು ಕಿತ್ತರೆ ದಂಡ 6 ಪಣ. ದೊಡ್ಡ ಕೊಂಬೆ ಕಡಿದರೆ 24. ಅಂದರೆ ಕಾವಲಿನವನ ಪಾಲಿಗೆ ಒಂದು ಚಿಗುರಿನ ಬೆಲೆ ಹೆಚ್ಚೂಕಡಿಮೆ ಐದು ತಿಂಗಳ ಕೂಲಿ. ಕೊಂಬೆಯದು ಒಂದೂವರೆ ವರ್ಷಕ್ಕೂ ಮೀರಿದ್ದು! ರಾಜನ ಭೂಮಿಯಲ್ಲಿ ಬಿತ್ತುವ ಕೆಲಸಕ್ಕೆ ಅದೇ ಗ್ರಂಥ ಹಚ್ಚುವುದು ದಾಸರನ್ನು, ಕೂಲಿಯವರನ್ನು, ದಂಡದ ಹಣವನ್ನು ದುಡಿದು ತೀರಿಸುವವರನ್ನು. ದಂಡವೇ ದುಡಿಮೆಗೆ ಆಳುಗಳನ್ನು ಒದಗಿಸುತ್ತಿತ್ತು. ಮರದ ಮೇಲಿನ ಯಜಮಾನಿಕೆ ಮನುಷ್ಯರ ಮೇಲಿನ ಯಜಮಾನಿಕೆಯಾಗುವುದು ಹೀಗೆ.

ತೋಟ ಕಾಯುವವನ ಜಾತಿಯನ್ನು ಆ ಲೆಕ್ಕ ಹೇಳುವುದಿಲ್ಲ. ಇಲ್ಲದ್ದನ್ನು ನಾನು ತುಂಬಲಾರೆ. ಅಶೋಕನನ್ನು ಬಿಟ್ಟುಕೊಡಲೂ ಆರೆ. ಬಾಬಾಸಾಹೇಬರ ಹಾದಿಯಲ್ಲಿ ಬುದ್ಧನ ಬಳಿಗೆ ಬಂದ ನಮಗೆ ಅವನು ನಮ್ಮವನೇ. ಆದರೆ ದಲಿತ ವಿಮರ್ಶೆ ದಾನಿಯ ಹೆಸರು ಓದಿ ಸುಮ್ಮನಾಗಬಾರದು, ಕ್ರಿಯಾಪದವನ್ನೂ ಓದಬೇಕು. ನಮ್ಮವರನ್ನು ಪ್ರಭುತ್ವದ ಭಾಷೆ ಬಚ್ಚಿಟ್ಟಿರುವುದು ಅಲ್ಲೇ.

ಕಳೆದ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ‘ಅಶೋಕನ ಕಾಲದಲ್ಲಿ ಕೂಲಿಯವರು ಸಾಲುಮರ ನೆಟ್ಟರು’ ಎಂದು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.