ಹುಲ್ಲಿನ ನಾರಿನಿಂದ ಉಕ್ಕಿನ ನಾರಿಗೆ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹಾದಿಯಲ್ಲಿ ಮೂರ್ನಾಡು ಸಿಗುತ್ತದೆ. ಆ ಸೀಮೆಯ ಹಳೆಯ ಐನ್‌ಮನೆಯೊಂದನ್ನು ನೀವು ಹೊಕ್ಕು ನೋಡಿದ್ದರೆ ಕೈಯಾಲೆಯ ಮರದ ಕಂಬಗಳನ್ನೂ ದಪ್ಪನೆಯ ಮಣ್ಣಿನ ಗೋಡೆಗಳನ್ನೂ ಗಮನಿಸಿರುತ್ತೀರಿ. ಈಗ ಅಂಥ ಮನೆಗಳ ನೆರೆಯಲ್ಲಿಯೇ ಕಾಂಕ್ರೀಟಿನ ತಾರಸಿ ಮನೆಗಳು ಎದ್ದಿವೆ. ನೆಲ ನಡುಗಿದರೆ ಇವೆರಡರಲ್ಲಿ ನಿಲ್ಲುವುದು ಯಾವುದು?

ಈ ಪ್ರಶ್ನೆ ಕೊಡಗಿಗೆ ಪರಕೀಯವಲ್ಲ. 2022ರ ಜೂನ್ ಕೊನೆಯ ವಾರದಲ್ಲಿ ಚೆಂಬು, ಕರಿಕೆಗಳ ಕಡೆ ನೆಲ ಮತ್ತೆ ಮತ್ತೆ ಅದುರಿತು. 28ರ ಬೆಳಗಿನ ಕಂಪನದ ಪರಿಮಾಣ 3.0. ಅದು ಸಣ್ಣ ಕಂಪನವೇ ಸರಿ. ಆದರೂ ಕೆಲವು ಮನೆಗಳ ಗೋಡೆಗಳಲ್ಲಿ ಬಿರುಕು ಕಾಣಿಸಿತು. ನಮ್ಮ ವಿಷಯ ಆರಂಭವಾಗುವುದು ಆ ಬಿರುಕಿನಿಂದಲೇ.

ಮಣ್ಣು ಭಾರವನ್ನು ಹೊರಬಲ್ಲದು, ಎಳೆತವನ್ನು ತಾಳಲಾರದು; ಒಣಗುವಾಗಲೇ ಬಿರಿಯುತ್ತದೆ. ಮನುಷ್ಯನು ಇದನ್ನು ಬಹು ಹಿಂದೆಯೇ ಕಂಡುಕೊಂಡನು. ಪ್ರಾಚೀನ ಈಜಿಪ್ಟಿನವರು ಹಸಿ ಇಟ್ಟಿಗೆಯ ಮಣ್ಣಿಗೆ ಹುಲ್ಲು ಬೆರೆಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿಯೂ ಹೊಟ್ಟನ್ನೋ ಹುಲ್ಲನ್ನೋ ಸೇರಿಸಿ, ಕಾಲಿನಿಂದ ತುಳಿದು, ಮಣ್ಣನ್ನು ಹದ ಮಾಡುತ್ತಿದ್ದರು. ಬಿರಿಯಲು ಹೊರಟ ಮಣ್ಣಿನ ಎರಡು ದಡಗಳನ್ನು ಹುಲ್ಲಿನ ಎಳೆ ಹಿಡಿದು ನಿಲ್ಲಿಸುತ್ತದೆ. ನಾರು ಬೆರೆತ ಕಾಂಕ್ರೀಟಿನ ಹಿರಿಯಜ್ಜ ಈ ಹುಲ್ಲು ಮಣ್ಣೇ ಎಂದರೆ ತಪ್ಪಾಗಲಾರದು.

ಕಾಂಕ್ರೀಟಿನದೂ ಮಣ್ಣಿನದೇ ಸ್ವಭಾವ. ಒತ್ತಡವನ್ನು ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಎಳೆತವನ್ನು ತಾಳುವ ಶಕ್ತಿ ಅದಕ್ಕುಂಟು. ಪ್ಯಾರಿಸಿನ ತೋಟಗಾರ ಜೋಸೆಫ್ ಮೋನಿಯೇ ಎಂಬಾತನು ಸಿಮೆಂಟಿನ ಹೂಕುಂಡಗಳು ಒಡೆಯದಂತೆ ಒಳಗೆ ಕಬ್ಬಿಣದ ಬಲೆ ಇಟ್ಟು, 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಕಂಬಿ ಹಾಕಿದ ಕಾಂಕ್ರೀಟು ಬೆಳೆದುಬಂದ ಹಾದಿಯಲ್ಲಿ ಅದೊಂದು ಮುಖ್ಯ ಮೈಲಿಗಲ್ಲು. 1900ರ ಸುಮಾರಿಗೆ ಆಸ್ಟ್ರಿಯದ ಲೂಡ್ವಿಗ್ ಹಾಟ್ಷೆಕ್ ಕಲ್ನಾರನ್ನು ಸಿಮೆಂಟಿಗೆ ಬೆರೆಸಿ ತೆಳುವಾದ ಹಾಳೆ ಮಾಡಿದನು. ನಮ್ಮೂರ ಮಾಡುಗಳ ಮೇಲಿನ ಕಲ್ನಾರಿನ ಶೀಟು ಆ ವಂಶದ್ದು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಖಚಿತವಾದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು. 1963ರಲ್ಲಿ ಅಮೆರಿಕದ ರೊಮ್ವಾಲ್ಡಿ ಮತ್ತು ಬ್ಯಾಟ್ಸನ್ ಎಂಬ ವಿದ್ವಾಂಸರು, ಒತ್ತಾಗಿ ಹರಡಿದ ಉಕ್ಕಿನ ಎಳೆಗಳು ಬಿರುಕನ್ನು ಹುಟ್ಟಿದಲ್ಲೇ ತಡೆಯುವ ಬಗೆಯನ್ನು ವಿವರಿಸಿದರು. ಅಲ್ಲಿಂದ ಈ ವಿದ್ಯೆಗೆ ಶಾಸ್ತ್ರದ ಬಲ ಬಂದಿತು.

ಭೂಕಂಪಕ್ಕೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ನೆಲ ಅಲುಗಿದಾಗ ಮನೆಯೊಳಗೆ ನುಗ್ಗುವ ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಬರಿಯ ಕಾಂಕ್ರೀಟು ಬಿರುಕು ಬಿಟ್ಟೊಡನೆ ಫಟ್ಟನೆ ಮುರಿಯುತ್ತದೆ. ನಾರು ಬೆರೆತಿದ್ದರೆ, ಬಿರುಕು ಅಗಲವಾಗುತ್ತಾ ಹೋದಂತೆ ಒಂದೊಂದು ಎಳೆಯೂ ತನ್ನ ಗೂಡಿನಿಂದ ಉಜ್ಜಿಕೊಂಡು ಈಚೆಗೆ ಬರಬೇಕು. ಆ ಉಜ್ಜುವಿಕೆಯಲ್ಲಿ ಶಕ್ತಿ ಕರಗುತ್ತದೆ, ಮುರಿಯುವುದು ನಿಧಾನವಾಗುತ್ತದೆ. ಆ ನಿಧಾನವೇ ಒಳಗಿದ್ದವರ ಆಯುಸ್ಸು. ಕಂಬವೂ ತೊಲೆಯೂ ಕೂಡುವ ಗಂಟಿನಲ್ಲಿ ಕಂಬಿಗಳು ಒತ್ತೊತ್ತಾಗಿರುತ್ತವೆ, ಪೆಟ್ಟು ಬೀಳುವುದೂ ಅಲ್ಲೇ. 1977ರಲ್ಲಿ ಅಮೆರಿಕದ ಹೆನೇಜರ್ ಇಂಥ ಗಂಟಿನಲ್ಲಿ ಉಕ್ಕಿನ ನಾರನ್ನು ಬಳಸಿ ಪರೀಕ್ಷಿಸಿದರು. ಗಾತ್ರದಲ್ಲಿ ನೂರಕ್ಕೆ ಒಂದು ಪಾಲು ನಾರೆಂದರೆ ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 78 ಕಿಲೋಗ್ರಾಂ ಉಕ್ಕು. ಸಾಮಾನ್ಯ ಸಂಸಾರಸ್ಥನಿಗೆ ಇದು ಹಗುರವಾದ ಖರ್ಚಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾರು ಬಿರುಕನ್ನು ಹಿಡಿಯುತ್ತದೆಯೇ ಹೊರತು ಮನೆಯನ್ನು ಕಟ್ಟಿಹಾಕುವುದಿಲ್ಲ. 1931ರ ಭೂಕಂಪದ ತರುವಾಯ ಬಲೂಚಿಸ್ತಾನದಲ್ಲಿ ಎಸ್. ಎಲ್. ಕುಮಾರ್ ಎಂಬ ರೈಲ್ವೆ ಇಂಜಿನಿಯರರು ಹಳೆಯ ರೈಲುಕಂಬಿಗಳಿಂದ ಬಿಗಿದ ವಸತಿಗಳನ್ನು ಕಟ್ಟಿಸಿದರು. 1935ರ ಮೇ 31ರಂದು ಕ್ವೆಟ್ಟಾ ನಗರವೇ ನೆಲಸಮವಾದಾಗ ಆ ಬಗೆಯ ಮನೆಗಳು ನಿಂತವು. 1993ರ ಸೆಪ್ಟೆಂಬರ್ 30ರಂದು, ನಮ್ಮ ಬೀದರಿನ ನೆರೆಯ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ಇದಕ್ಕೆ ವಿಪರೀತವಾಯಿತು. ದಪ್ಪ ಕಲ್ಲುಗೋಡೆಗಳಿದ್ದವು, ಕಲ್ಲುಗಳನ್ನು ಹೆಣೆಯುವ ಕಟ್ಟು ಇರಲಿಲ್ಲ. ಸಾವಿರಾರು ಜನ ನಿದ್ದೆಯಲ್ಲಿಯೇ ಸಮಾಧಿಯಾದರು. ಗೋಡೆಯ ದಪ್ಪ ಯಾರನ್ನೂ ಕಾಯಲಿಲ್ಲ. ಭಾರತದ ಭೂಕಂಪ ನಿರೋಧಕ ವಿನ್ಯಾಸದ ಮಾನಕ 1962ರಲ್ಲಿಯೂ, ಕಟ್ಟಡ ನಿರ್ಮಾಣದ ಮಾನಕ 1967ರಲ್ಲಿಯೂ ಮೊದಲು ಪ್ರಕಟವಾದವು. ಗೋಡೆ ಕಟ್ಟಿದ ಮನೆಗೆ ಅವು ಒತ್ತಿ ಹೇಳುವುದು ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದಂತೆ ಹರಿಯುವ ಪಟ್ಟಿಯನ್ನು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ನಾಲ್ಕು ಗೋಡೆಗಳನ್ನೂ ಒಂದಾಗಿ ಹಿಡಿಯುತ್ತದೆ.

ಹಾಗಾದರೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಹಳೆಯದೆಂದು ಯಾವ ಮನೆಯೂ ಬೀಳುವುದಿಲ್ಲ, ಹೊಸದೆಂದು ಯಾವ ಮನೆಯೂ ನಿಲ್ಲುವುದಿಲ್ಲ, ಕಟ್ಟು ಗಟ್ಟಿಯಿದ್ದ ಮನೆ ನಿಲ್ಲುತ್ತದೆ. ನೀವು ಮನೆ ಕಟ್ಟಿಸುವಾಗ, ನಾರು ಸುರಿದರೆ ಕಂಬಿ ಕಡಮೆ ಮಾಡಬಹುದೆಂದು ಯಾರಾದರೂ ಹೇಳಿದರೆ, ಲೆಕ್ಕ ಬಲ್ಲ ಇಂಜಿನಿಯರರನ್ನು ಕೇಳದೆ ಒಪ್ಪಬೇಡಿ. ಮೇಸ್ತ್ರಿಯನ್ನು ಕರೆದು, ಪಟ್ಟಿ ಮನೆಯ ಸುತ್ತಲೂ ಬಂದಿದೆಯೇ, ಮೂಲೆಗಳಲ್ಲಿ ಕಂಬಿ ತಿರುಗಿ ಹೆಣೆದುಕೊಂಡಿದೆಯೇ ಎಂದು ಮೊದಲು ವಿಚಾರಿಸಿ. ಗಾರೆ ಬಳಿದ ಮೇಲೆ ಅದನ್ನು ನೋಡಲು ಯಾರಿಗೂ ಸಾಧ್ಯವಿಲ್ಲ.