ಪುದುಕ್ಕೋಟೆಯ ಹೆಂಗಸರು ಬೈಸಿಕಲ್ಲು ಕಲಿತ ಬಗೆ

ಈಜು ಮತ್ತು ಬೈಸಿಕಲ್ಲು, ಇವೆರಡೂ ಪುಸ್ತಕ ಓದಿ ಕಲಿಯುವ ವಿದ್ಯೆಗಳಲ್ಲ. ಹಿಂದೆ ಒಬ್ಬರು ಹಿಡಿದುಕೊಳ್ಳಬೇಕು, ಜೊತೆಯಲ್ಲಿ ಓಡಬೇಕು, ಸಮಯ ನೋಡಿ ಹೇಳದೆ ಕೇಳದೆ ಕೈಬಿಡಬೇಕು. ಆ ಹಿಡಿಯುವ ಕೈ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದೇ ಈ ವಾಹನದ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ತೋರುವ ಸಂಗತಿ.

1817ರಲ್ಲಿ ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮರದ ಬಂಡಿಯೊಂದನ್ನು ಮಾಡಿ, ನೆಲವನ್ನು ಕಾಲಿನಿಂದ ಒದೆಯುತ್ತ ಓಡಿಸಿದನು. ಎರಡು ವರ್ಷಗಳ ತರುವಾಯ, 1819ರಲ್ಲಿ, ಅದರ ಸುಧಾರಿತ ರೂಪವನ್ನು ಲಂಡನ್ನಿನಲ್ಲಿ ಮಾರುತ್ತಿದ್ದ ಡೆನಿಸ್ ಜಾನ್ಸನ್ ಎಂಬವನು ಸವಾರಿ ಕಲಿಸುವ ಶಾಲೆಯನ್ನೂ ತೆರೆಯಬೇಕಾಯಿತು. ಅಲ್ಲಿಗೆ ಬಂದವರು ಬಹುಮಟ್ಟಿಗೆ ಹಣವಂತ ತರುಣರು. ಪೆಡಲು ಬಂದದ್ದು 1860ರ ದಶಕದಲ್ಲಿ. ಇಂಗ್ಲೆಂಡಿನ ಹ್ಯಾರೋಗೇಟಿನಲ್ಲಿ ಸವಾರರ ಪ್ರವಾಸ ಸಂಘವೊಂದು ಹುಟ್ಟಿದ್ದು 1878ರಲ್ಲಿ. ಗುಂಪುಗೂಡಿ ಸವಾರಿ ಹೋಗುವ ಹವ್ಯಾಸವು ಹೀಗೆ ಬೆಳೆಯಿತು.

ಹೆಂಗಸರ ಸರದಿ ತಡವಾಗಿ ಬಂದಿತು. ಅಮೆರಿಕೆಯಲ್ಲಿ ಮದ್ಯಪಾನ ವಿರೋಧಿ ಮಹಿಳಾ ಸಂಘದ ಅಧ್ಯಕ್ಷೆಯಾಗಿದ್ದ ಫ್ರಾನ್ಸೆಸ್ ವಿಲ್ಲರ್ಡ್ ತಮ್ಮ 53ನೆಯ ವಯಸ್ಸಿನಲ್ಲಿ ಬೈಸಿಕಲ್ಲು ಕಲಿಯಲು ಹೊರಟರು. ಮೊದಲ ಸಲ ಅವರು ಏರುವಾಗ ಮೂವರು ಗಟ್ಟಿಮುಟ್ಟಾದ ತರುಣರು ಅದನ್ನು ಹಿಡಿದು ನಿಲ್ಲಬೇಕಾಯಿತಂತೆ! ದಿನವೂ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿ ಸುಮಾರು ಮೂರು ತಿಂಗಳಲ್ಲಿ ಕಲಿತು, 1895ರಲ್ಲಿ ಆ ಅನುಭವವನ್ನೇ ಒಂದು ಪುಸ್ತಕವಾಗಿ ಬರೆದರು. ಅವರು ಹೆಸರಾಂತ ಮಹಿಳೆ, ಹಿಡಿಯುವವರಿಗೆ ಕೊರತೆಯಿರಲಿಲ್ಲ. ಕೂಲಿಯ ಹೆಣ್ಣಿಗೆ, ಹೊಲಗೆಲಸದವಳಿಗೆ ಹಿಡಿಯುವವರು ಯಾರು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಸುಮಾರು ನೂರು ವರ್ಷಗಳ ಮೇಲೆ, ನಮ್ಮ ನೆರೆಯ ತಮಿಳುನಾಡಿನಲ್ಲಿ. ಪುದುಕ್ಕೋಟೆಯು 1948ರವರೆಗೆ ಒಂದು ಸಣ್ಣ ದೇಶೀಯ ಸಂಸ್ಥಾನವಾಗಿದ್ದು, 1974ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಮಳೆ ಕಡಮೆ, ಬಡತನ ಹೆಚ್ಚು. 1991ರಲ್ಲಿ ಅಲ್ಲಿ 'ಅರಿವೊಳಿ' ಎಂಬ ಸಾಕ್ಷರತಾ ಚಳವಳಿ ಆರಂಭವಾಯಿತು. ಅರಿವಿನ ಬೆಳಕು ಎಂದು ಅರ್ಥ. ಆ ಮೊದಲ ಪದ ನಮ್ಮ 'ಅರಿವು' ಅಲ್ಲದೆ ಬೇರೆಯಲ್ಲ. ತಮಿಳರು ಇಂದಿಗೂ ಉಳಿಸಿಕೊಂಡಿರುವ ಶಕಟರೇಫವನ್ನು ನಾವು ಹಳಗನ್ನಡದೊಡನೆ ಬಿಟ್ಟುಬಂದೆವು, ಅಷ್ಟೆ.

ಓದು ಕಲಿಸಲು ಹೊರಟ ಕಾರ್ಯಕರ್ತೆಯರು ಹಳ್ಳಿಯಿಂದ ಹಳ್ಳಿಗೆ ಹೋಗುವುದು ಹೇಗೆ? ಬಸ್ಸಿಗೆ ಗಂಟೆಗಟ್ಟಲೆ ಕಾಯಬೇಕು. ಇಲ್ಲವೆ ತಂದೆಯನ್ನೋ ಗಂಡನನ್ನೋ ಮಗನನ್ನೋ ಬೇಡಿ ಕ್ಯಾರಿಯರ್ ಮೇಲೆ ಕೂರಬೇಕು. ಆಗ ಜಿಲ್ಲೆಯ ಕಲೆಕ್ಟರಾಗಿದ್ದ ಶೀಲಾರಾಣಿ ಚುಂಕತ್ ಅವರು ಬೈಸಿಕಲ್ಲನ್ನೂ ಸಾಕ್ಷರತೆಯ ಪಾಠಗಳಲ್ಲಿ ಸೇರಿಸಿದರು. ಕೊಳ್ಳುವವರಿಗೆ ಸಾಲ ಕೊಡುವಂತೆ ಬ್ಯಾಂಕುಗಳ ಬೆನ್ನುಹತ್ತಿದರು. ಅಕ್ಷರದ ಪಟ್ಟಿಯಲ್ಲಿ ಸೈಕಲ್ಲಿಗೆ ಸ್ಥಾನ ಕೊಟ್ಟ ಈ ಬುದ್ಧಿಯನ್ನು, ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನಾದರೂ, ನಾನು ಮೆಚ್ಚದೆ ಇರಲಾರೆ.

ಮೊದಲು ಕಾರ್ಯಕರ್ತೆಯರು ಕಲಿತರು. ಅವರನ್ನು ನೋಡಿ ಓದು ಕಲಿಯಲು ಬಂದವರೂ ಬೇಕೆಂದರು. ಹೊಲದಲ್ಲಿ, ಕಲ್ಲುಗಣಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಶಾಲೆಯ ಉಪಾಧ್ಯಾಯಿನಿಯರು, ಹೀಗೆ ಎಲ್ಲ ಬಗೆಯವರೂ ಕೂಡಿದರು. ಕಲಿತವಳು ಕಲಿಯದವಳಿಗೆ ಗುರುವಾದಳು. ಅದಕ್ಕಾಗಿಯೇ ಹಾಡುಗಳೂ ಹುಟ್ಟಿದವು. ಹೆಂಗಸರ ಸೈಕಲ್ಲುಗಳು ಸಾಲದೆ ಗಂಡಸರ ಸೈಕಲ್ಲುಗಳನ್ನೇ ಹತ್ತಬೇಕಾಗಿ ಬಂದಿತು. ಸೀರೆಯುಟ್ಟವರಿಗೆ ನಡುವಿನ ಅಡ್ಡಬಾರು ಎಂತಹ ತೊಡಕೆಂದು ಹೇಳಬೇಕಾಗಿಲ್ಲ. ಆದರೆ ಕೆಲವರು ಅದನ್ನೇ ಬಯಸಿದರು. ಆ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಕಾರ್ಖಾನೆಯವರಿಗೆ ಹೊಳೆಯದ ಉಪಯೋಗ ತಾಯಿಗೆ ಹೊಳೆಯಿತು.

ಗೇಲಿ ಮಾಡುವವರಿಗೆ ಕಡಮೆಯಿರಲಿಲ್ಲ. ಸೈಕಲ್ಲು ಹತ್ತಿದವಳ ನಡತೆಯ ಮೇಲೆಯೇ ಕೊಳಕು ಮಾತು ಆಡಿದರು. ಒಬ್ಬಳೇ ಬೀದಿಯಲ್ಲಿ ಹೊರಟಿದ್ದರೆ ಆ ಮಾತು ಅವಳನ್ನು ಮನೆಗೆ ಹಿಂದಿರುಗಿಸುತ್ತಿತ್ತೋ ಏನೋ. ಗುಂಪಿನ ಮಹತ್ತ್ವವಿರುವುದು ಇಲ್ಲಿಯೇ. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಹೆಂಗಸರು ಹ್ಯಾಂಡಲ್ಲಿಗೆ ಬಾವುಟ ಕಟ್ಟಿ, ಗಂಟೆ ಬಾರಿಸುತ್ತ, ಪುದುಕ್ಕೋಟೆಯ ಬೀದಿಗಳಲ್ಲಿ ಒಟ್ಟಿಗೆ ಸವಾರಿ ಮಾಡಿದರು. ತೇರಿನ ದಿನದಂತೆ ದಾರಿ ಬಿಟ್ಟು ನಿಂತವರಲ್ಲಿ ಯಾರನ್ನು ನೋಡಿ ನಗಬೇಕೆಂದು ಯಾರಿಗೆ ತಿಳಿದೀತು? ಸಾವಿರದಲ್ಲಿ ಒಬ್ಬಳಿಗೆ ಅಡ್ಡಹೆಸರಿಡಬಹುದು, ಸಾವಿರಕ್ಕೂ ಇಡಲಾಗದು.

ಈ ಸಂಗತಿಯನ್ನು ಕಣ್ಣಾರೆ ಕಂಡು ಬರೆದ ಪತ್ರಕರ್ತ ಪಿ. ಸಾಯಿನಾಥರ ಪ್ರಕಾರ, 70,000ಕ್ಕೂ ಹೆಚ್ಚು ಹೆಂಗಸರು ಇಂತಹ ಬಹಿರಂಗ ಪ್ರದರ್ಶನ-ಸ್ಪರ್ಧೆಗಳಲ್ಲಿ ಭಾಗವಹಿಸಿದ್ದರು. ಹತ್ತು ವರ್ಷ ದಾಟಿದ ಹಳ್ಳಿಯ ಹೆಂಗಸರಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಸವಾರಿ ಕಲಿತಿದ್ದರು. ಅದರ ಫಲ ಸಂಸಾರದಲ್ಲಿಯೂ ಕಂಡಿತು. ನೀರು ತರುವುದು, ಮಕ್ಕಳನ್ನು ಕರೆದೊಯ್ಯುವುದು, ಬೆಳೆದದ್ದನ್ನು ನಾಲ್ಕಾರು ಊರುಗಳಲ್ಲಿ ಮಾರಿಬರುವುದು ಇವೆಲ್ಲಕ್ಕೂ ಹಿಡಿಯುತ್ತಿದ್ದ ಹೊತ್ತು ಇಳಿಯಿತು. ಹೊತ್ತು ಉಳಿದರೆ ದುಡ್ಡು ಉಳಿದಂತೆ. ಒಂದಿಷ್ಟು ವಿಶ್ರಾಂತಿಯೂ ಉಂಟು. ಆದರೆ 1995ರಲ್ಲಿ ಅವರು ಮತ್ತೆ ಹೋದಾಗ ಉತ್ಸಾಹ ಹಾಗೆಯೇ ಇದ್ದರೂ, ಬೆಲೆ ಏರಿ ಸೈಕಲ್ಲು ಬಹಳ ಮಂದಿಯ ಕೈಗೆ ಎಟುಕದಂತಾಗಿತ್ತು. ಕಲಿಸುವುದು ಚಳವಳಿಯಿಂದ ಆದೀತು. ಬೆಲೆ ಇಳಿಸುವುದು ಅದರ ಕೈಯಲ್ಲಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸರ್ಕಾರಗಳೇ ಶಾಲೆಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದವು. ಬಿಹಾರದಲ್ಲಿ 2006ರಲ್ಲಿ ಆರಂಭವಾದ ಇಂತಹ ಯೋಜನೆಯಿಂದ ಹುಡುಗಿಯರು ಪ್ರೌಢಶಾಲೆಗೆ ಸೇರುವುದು ಶೇಕಡಾ 30ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಕರ್ನಾಟಕದಲ್ಲಿಯೂ 2006-07ರಿಂದ 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಏರ್ಪಾಡಾಯಿತು. ಸೈಕಲ್ಲುಗಳೇನೋ ಲಾರಿಯಲ್ಲಿ ಬಂದವು, ಕಲಿಸುವವರು ಬರಲಿಲ್ಲ. ಆ ಕೆಲಸವನ್ನು 9ನೆಯ ತರಗತಿಯ ಹುಡುಗಿಯರು ವಹಿಸಿಕೊಂಡರು. ಸಂಜೆ ಗಂಟೆ ಬಾರಿಸಿದ ಮೇಲೆ ಆಟದ ಬಯಲಿನಲ್ಲಿ ಒಬ್ಬಳು ಸೀಟಿನ ಮೇಲೆ, ಒಬ್ಬಳು ಹ್ಯಾಂಡಲ್ ಹಿಡಿದು, ಇನ್ನೊಬ್ಬಳು ಕ್ಯಾರಿಯರ್ ಹಿಡಿದು, ಧೂಳೆಬ್ಬಿಸಿಕೊಂಡು ಓಡುತ್ತಿದ್ದರು; "ಚಕ್ರ ನೋಡಬೇಡವೇ, ಮುಂದೆ ನೋಡೇ" ಎಂಬ ಕೂಗು ಸ್ಟಾಫ್ ರೂಮಿನವರೆಗೂ ಕೇಳಿಬರುತ್ತಿತ್ತು.